ವಾಲ್ವ್ ರೇಡಿಯೋ ದುರಸ್ತಿ: ಪ್ಲಗ್ ಹಾಕುವ ಮೊದಲು ಮತ್ತು ಅನಂತರ

ದಶಕಗಳ ಕಾಲ ಮೂಲೆಯಲ್ಲಿ ದೂಳು ಹಿಡಿದು ಕೂತಿದ್ದ ವಾಲ್ವ್ ರೇಡಿಯೋ, ಅಂದರೆ ಟ್ರಾನ್ಸಿಸ್ಟರಿನ ಬದಲು ಗಾಜಿನ ನಿರ್ವಾತ ಕೊಳವೆಗಳಿಂದ ನಡೆಯುವ ಹಳೆಯ ರೇಡಿಯೋ, ಕೈಗೆ ಸಿಕ್ಕಾಗ ಯಾರಿಗಾದರೂ ಮೊದಲು ಹುಟ್ಟುವ ಆಸೆ ಒಂದೇ, ಪ್ಲಗ್ ಹಾಕಿ ಹಾಡುತ್ತದೆಯೇ ಎಂದು ನೋಡಿಬಿಡುವುದು. ಆ ಆಸೆಯನ್ನು ತಡೆದುಕೊಳ್ಳುವಲ್ಲಿಂದಲೇ ದುರಸ್ತಿ ಶುರುವಾಗುತ್ತದೆ. ಸುಮ್ಮನೆ ಬಿದ್ದಿದ್ದ ವರ್ಷಗಳಲ್ಲಿ ಆದ ಹಾನಿಗಿಂತ, ಪರೀಕ್ಷಿಸದೆ ಕರೆಂಟ್ ಕೊಟ್ಟ ಮೊದಲ ಒಂದೆರಡು ನಿಮಿಷಗಳಲ್ಲಿ ಆಗುವ ಹಾನಿಯೇ ಎಷ್ಟೋ ಸಲ ದೊಡ್ಡದಾಗಿರುತ್ತದೆ. ಒಳಗೆ ಡಿಸಿಯ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಕೆಟ್ಟು ಶಾರ್ಟ್ ಆದರೆ ಅದು ತನ್ನೊಂದಿಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವನ್ನೂ ಮೈನ್ಸ್ ಟ್ರಾನ್ಸ್‌ಫಾರ್ಮರನ್ನೂ ಬಲಿ ತೆಗೆದುಕೊಳ್ಳುತ್ತದೆ. ಕೆಪಾಸಿಟರ್ ಇಂದೂ ಹೊಸದಾಗಿ ತಯಾರಾಗುತ್ತಿದೆ; ಆ ಮಾದರಿಯ ಟ್ರಾನ್ಸ್‌ಫಾರ್ಮರ್ ತಯಾರಾಗುವುದು ನಿಂತು ಎಷ್ಟೋ ಕಾಲವಾಗಿದೆ. ಆದ್ದರಿಂದ ಸುಲಭವಾಗಿ ಸಿಗುವ ಬಿಡಿಭಾಗದ ತಪ್ಪಿಗೆ ಸಿಗದ ಬಿಡಿಭಾಗ ಸುಟ್ಟುಹೋಗದಂತೆ ನೋಡಿಕೊಳ್ಳುವ ಕ್ರಮವೊಂದನ್ನು ಅನುಸರಿಸಬೇಕು. ಮೊದಲು ಕಣ್ಣಿನಿಂದ ನೋಡುವುದು, ಆಮೇಲೆ ಕರೆಂಟಿಲ್ಲದೆ ಅಳೆಯುವುದು, ಖಚಿತವಾಗಿ ಕೆಟ್ಟಿರುವುದನ್ನು ಬದಲಿಸುವುದು, ನಿಧಾನವಾಗಿ ಕರೆಂಟ್ ಕೊಟ್ಟು ಮತ್ತೆ ಅಳೆಯುವುದು, ಅಲೈನ್‌ಮೆಂಟನ್ನು (ಟ್ಯೂನಿಂಗ್ ಭಾಗಗಳನ್ನು ಸರಿಯಾದ ಫ್ರೀಕ್ವೆನ್ಸಿಗೆ ಹೊಂದಿಸುವ ಕೆಲಸವನ್ನು) ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳುವುದು.

ಇಲ್ಲಿ ಹೇಳುವುದು ಮುಖ್ಯವಾಗಿ 1930ರಿಂದ 1960ರ ದಶಕದವರೆಗೆ ಬಂದ, ಮೈನ್ಸ್ ಕರೆಂಟಿನಲ್ಲಿ ನಡೆಯುವ ಸೂಪರ್‌ಹೆಟರೊಡೈನ್ ರೇಡಿಯೋಗಳ ಬಗ್ಗೆ. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ಈ ವಿನ್ಯಾಸದಲ್ಲಿ, ಬಂದ ಸ್ಟೇಷನ್ ಯಾವ ಫ್ರೀಕ್ವೆನ್ಸಿಯದ್ದೇ ಆಗಿರಲಿ, ರೇಡಿಯೋ ಅದನ್ನು ತನ್ನೊಳಗಿನ ಆಸಿಲೇಟರಿನೊಂದಿಗೆ ಬೆರೆಸಿ 455 ಅಥವಾ 470 ಕಿಲೋಹರ್ಟ್ಸ್‌ನಂಥ ಒಂದೇ ನಿಗದಿತ ಫ್ರೀಕ್ವೆನ್ಸಿಗೆ ಇಳಿಸಿಕೊಂಡು ವರ್ಧಿಸುತ್ತದೆ. ಇದನ್ನೇ ಐಎಫ್ ಎನ್ನುವುದು. 1950ರ ದಶಕದ ಯುರೋಪಿಯನ್ ಮಾದರಿಯೊಂದರಲ್ಲಿ ಇಸಿಎಚ್81 ಬೆರೆಸುವ ಕೆಲಸಕ್ಕೆ, ಇಎಫ್89 ಐಎಫ್ ವರ್ಧನೆಗೆ, ಇಬಿಸಿ81 ಧ್ವನಿಯನ್ನು ಬೇರ್ಪಡಿಸಿ ಮೊದಲ ಹಂತದಲ್ಲಿ ವರ್ಧಿಸಲು, ಇಎಲ್84 ಸ್ಪೀಕರನ್ನು ನಡೆಸಲು ಮತ್ತು ಇಝಡ್80 ರೆಕ್ಟಿಫೈಯರ್ ಆಗಿ ಇರುವುದು ಸಾಮಾನ್ಯ. ಈ ಐದು ವಾಲ್ವ್‌ಗಳ ಸಾಲು ಮನಸ್ಸಿನಲ್ಲಿ ಕೂತರೆ, ಬೇರೆ ಹೆಸರಿನ ವಾಲ್ವ್‌ಗಳಿರುವ ರೇಡಿಯೋದಲ್ಲೂ ಯಾವುದು ಏನು ಮಾಡುತ್ತಿದೆ ಎಂದು ಗುರುತಿಸುವುದು ಕಷ್ಟವಾಗುವುದಿಲ್ಲ.

ಜೀವದ ಮಾತು ಮೊದಲು

ವಾಲ್ವ್ ರೇಡಿಯೋದೊಳಗಿನ ಎಚ್‌ಟಿ (ಹೈ ಟೆನ್ಷನ್, ವಾಲ್ವ್‌ಗಳನ್ನು ನಡೆಸುವ ಹೆಚ್ಚಿನ) ವೋಲ್ಟೇಜ್ 200ರಿಂದ 300 ವೋಲ್ಟ್ ಡಿಸಿ ಇರುತ್ತದೆ. ಅದು ಜೀವ ತೆಗೆಯಲು ಸಾಕು, ಮತ್ತು ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ ಉಳಿದಿರಬಹುದು. ಪ್ರತಿ ಸಲ ಚಾಸಿಗೆ, ಅಂದರೆ ಬಿಡಿಭಾಗಗಳನ್ನೆಲ್ಲ ಕೂರಿಸಿದ ಲೋಹದ ಚೌಕಟ್ಟಿಗೆ, ಕೈ ಹಾಕುವ ಮೊದಲು, ಚೆನ್ನಾಗಿ ಇನ್ಸುಲೇಟ್ ಆದ ಕ್ಲಿಪ್ಪುಗಳಿರುವ 10 ಕಿಲೋ ಓಮ್, 5 ವಾಟ್ ರೆಸಿಸ್ಟರನ್ನು ಆ ಕೆಪಾಸಿಟರಿನ ಎರಡು ತುದಿಗಳಿಗೆ ಹತ್ತು ಸೆಕೆಂಡ್ ತಾಗಿಸಿ, ಅನಂತರ ಮೀಟರಿನಲ್ಲಿ ಅಳೆದು ಸೊನ್ನೆಗೆ ಬಂದಿದೆ ಎಂದು ಖಚಿತ ಮಾಡಿಕೊಳ್ಳಬೇಕು. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವ ಅಭ್ಯಾಸ ಒಳ್ಳೆಯದಲ್ಲ; ಅದು ಕೆಪಾಸಿಟರಿಗೂ ಕಣ್ಣಿಗೂ ಅಪಾಯ. ಕರೆಂಟ್ ಇರುವಾಗ ಅಳೆಯಬೇಕಾದರೆ ಮೀಟರಿನ ಕಪ್ಪು ತಂತಿಯನ್ನು ಮೊದಲೇ ಚಾಸಿಗೆ ಕ್ಲಿಪ್ ಮಾಡಿ, ಒಂದೇ ಕೈಯಲ್ಲಿ ಕೆಂಪು ತಂತಿಯನ್ನು ಹಿಡಿದು ಅಳೆಯಬೇಕು.

ಇದಕ್ಕಿಂತ ದೊಡ್ಡ ಅಪಾಯ ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟುಗಳದು. ಅವುಗಳಲ್ಲಿ ಮೈನ್ಸಿನ ಒಂದು ತಂತಿ ನೇರವಾಗಿ ಚಾಸಿಗೇ ಸೇರಿರುವುದುಂಟು, ಹಾಗಾಗಿ ಪ್ಲಗ್ ತಿರುವುಮುರುವಾದರೆ ಇಡೀ ಲೋಹದ ಚಾಸಿಯೇ ಲೈವ್ ಆಗುತ್ತದೆ. ಗುರುತಿಸುವುದು ಸುಲಭ. ಯುರೋಪಿಯನ್ ವಾಲ್ವ್‌ಗಳ ಹೆಸರು ಯುಸಿಎಚ್81, ಯುಎಲ್84, ಯುವೈ85 ಎಂದು ‘ಯು’ ಅಕ್ಷರದಿಂದ ಶುರುವಾಗಿದ್ದರೆ, ಅಥವಾ ಅಮೆರಿಕನ್ ಸೆಟ್ಟಿನಲ್ಲಿ 12ಬಿಇ6, 12ಬಿಎ6, 12ಎವಿ6, 50ಸಿ5, 35ಡಬ್ಲ್ಯೂ4 ಎಂಬ ಸಾಲು ಕಂಡರೆ, ಹೀಟರುಗಳನ್ನು (ವಾಲ್ವನ್ನು ಒಳಗಿಂದ ಕಾಯಿಸುವ ತಂತಿಗಳನ್ನು) ಒಂದರ ಹಿಂದೆ ಒಂದರಂತೆ ಸೀರೀಸಿನಲ್ಲಿ ಜೋಡಿಸಿ ಮೈನ್ಸಿಗೇ ಕೊಟ್ಟಿದ್ದಾರೆ ಎಂದು ತಿಳಿಯಬೇಕು. ಇಂಥ ಸೆಟ್ಟನ್ನು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮೇಜಿನ ಮೇಲೆ ತೆರೆದಿಟ್ಟು ಕೆಲಸ ಮಾಡಲೇಬಾರದು. ವೋಲ್ಟೇಜನ್ನು ಬೇಕಾದಂತೆ ಹೊಂದಿಸುವ ವೇರಿಯಾಕ್ ಅದನ್ನು ಇಳಿಸುತ್ತದೆಯೇ ಹೊರತು ಮೈನ್ಸಿನಿಂದ ಬೇರ್ಪಡಿಸುವುದಿಲ್ಲ ಎಂಬುದನ್ನೂ ನೆನಪಿಡಬೇಕು. ನಾಬ್ ಕಳೆದುಹೋಗಿ ಬರೀ ಲೋಹದ ದಂಡ ಹೊರಗೆ ಕಾಣುತ್ತಿರುವ ಎಸಿ-ಡಿಸಿ ರೇಡಿಯೋ ಮನೆಮಂದಿಗೆಲ್ಲ ಅಪಾಯಕಾರಿ. ನಾಬಿನ ಸಣ್ಣ ಸ್ಕ್ರೂ ಇರುವ ತೂತಿಗೆ ತಯಾರಕರು ಮೇಣ ತುಂಬುತ್ತಿದ್ದುದೂ ಇದೇ ಕಾರಣಕ್ಕೆ, ಅದನ್ನು ಕೊನೆಯಲ್ಲಿ ಮತ್ತೆ ತುಂಬಬೇಕು.

ಬಿಚ್ಚುವುದು, ನೋಡುವುದು, ಕರೆಂಟಿಲ್ಲದೆ ಅಳೆಯುವುದು

ಬಿಚ್ಚುವ ಪ್ರತಿ ಹಂತದಲ್ಲೂ ಫೋಟೋ ತೆಗೆಯಬೇಕು. ಡಯಲ್ ದಾರ ಯಾವ ಗಾಲಿಯನ್ನು ಎಷ್ಟು ಸುತ್ತು ಸುತ್ತಿದೆ, ಯಾವ ದಿಕ್ಕಿನಿಂದ ಬಂದು ಸ್ಪ್ರಿಂಗಿಗೆ ಸೇರಿದೆ ಎಂಬುದನ್ನು ಫೋಟೋ ಸಾಲದು ಎಂದು ಕಾಗದದ ಮೇಲೂ ಬರೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ದಾರ ತುಂಡಾದ ಮೇಲೆ ಊಹೆಯಿಂದ ಅದನ್ನು ಮತ್ತೆ ಹಾಕುವುದಕ್ಕೆ ಅರ್ಧ ದಿನವೇ ಹಿಡಿಯಬಹುದು. ಬಿಗಿಯಾಗಿ ಕೂತ ನಾಬನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಕ್ಯಾಬಿನೆಟ್ಟೂ ಗೀಚುತ್ತದೆ, ನಾಬೂ ಸೀಳುತ್ತದೆ. ಅದರ ಹಿಂದೆ ಗಟ್ಟಿ ಬಟ್ಟೆಯ ಪಟ್ಟಿಯನ್ನು ತೂರಿಸಿ ಎರಡೂ ತುದಿಗಳನ್ನು ಹಿಡಿದು ನೇರವಾಗಿ ಎಳೆಯಬೇಕು. ವಾಲ್ವ್‌ಗಳನ್ನು ತೆಗೆಯುವ ಮುಂಚೆ ಯಾವುದು ಯಾವ ಸಾಕೆಟ್ಟಿನದು ಎಂದು ಗುರುತು ಹಾಕಿಕೊಳ್ಳಬೇಕು, ಮತ್ತು ಗಾಜಿನ ಮೇಲಿನ ಹೆಸರನ್ನು ಒದ್ದೆ ಬಟ್ಟೆಯಿಂದ ಒರೆಸಲೇಬಾರದು. ಆ ಶಾಯಿ ಬೆರಳು ತಾಗಿದರೂ ಅಳಿಸಿಹೋಗುತ್ತದೆ, ಹೆಸರು ಅಳಿಸಿದ ವಾಲ್ವ್ ಗುರುತಿಲ್ಲದ ಗಾಜಿನ ಚೂರಷ್ಟೇ.

ವಾಲ್ವಿನ ಒಳಗೋಡೆಗೆ ಅಂಟಿದ ಕನ್ನಡಿಯಂಥ ಬೆಳ್ಳಿ ಕಲೆಯನ್ನು ಗೆಟರ್ ಎನ್ನುತ್ತಾರೆ. ಅದು ಹೊಳೆಯುತ್ತಿದ್ದರೆ ನಿರ್ವಾತ ಉಳಿದಿದೆ ಎಂದರ್ಥ. ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಗೆ ಹೋಗಿದೆ, ಆ ವಾಲ್ವ್ ಮುಗಿದಂತೆ. ಉಳಿದಂತೆ ವಾಲ್ವ್‌ಗಳನ್ನು ಮೊದಲೇ ಅನುಮಾನಿಸುವ ಅಗತ್ಯವಿಲ್ಲ. ಹೊಸಬರು ರೇಡಿಯೋ ಹಾಡದಿದ್ದರೆ ವಾಲ್ವ್ ಹುಡುಕಲು ಹೊರಡುತ್ತಾರೆ, ಆದರೆ ಹತ್ತು ಕಡೆ ಕೆಪಾಸಿಟರ್ ಕೆಟ್ಟಿರುವ ಸೆಟ್ಟಿನಲ್ಲೂ ವಾಲ್ವ್‌ಗಳೆಲ್ಲ ಚೆನ್ನಾಗಿರುವುದು ಸಾಮಾನ್ಯ. ಹೀಟರಿನ ಎರಡು ಪಿನ್ನುಗಳ ನಡುವೆ ಕಂಟಿನ್ಯೂಯಿಟಿ ಇದೆಯೇ ಎಂದು ನೋಡಿದರೆ ಈ ಹಂತಕ್ಕೆ ಸಾಕು.

ಚಾಸಿಯ ದೂಳನ್ನು ಮೃದುವಾದ ಬ್ರಷ್ಷಿನಿಂದ ತೆಗೆಯಬೇಕು. ಸ್ಟೇಷನ್ ಹಿಡಿಯಲು ತಿರುಗುವ ಗ್ಯಾಂಗ್ ಕೆಪಾಸಿಟರಿನ ಎಲೆಗಳನ್ನು ಬಗ್ಗಿಸಬಾರದು, ಮೇಣ ಹಚ್ಚಿದ ಕಾಯಿಲುಗಳ ಮೇಲೆ ಯಾವ ಸ್ಪ್ರೇಯೂ ಬೀಳಬಾರದು. ಹಳೆಯ ಚಾಸಿಗಳಿಗೆ ಕ್ಯಾಡ್ಮಿಯಂ ಲೇಪನ ಇರುವ ಸಾಧ್ಯತೆ ಇರುವುದರಿಂದ ಮರಳು ಕಾಗದದಿಂದ ಉಜ್ಜುವ ಕೆಲಸ ಬೇಡ, ಆ ಪುಡಿ ವಿಷ. 1930–40ರ ದಶಕದ ಸೆಟ್ಟುಗಳಲ್ಲಿ ರಬ್ಬರ್ ಹೊದಿಕೆಯ ತಂತಿಗಳು ಮುಟ್ಟಿದರೆ ಉದುರುವಷ್ಟು ಒಣಗಿರುತ್ತವೆ. ಅವನ್ನು ಒಂದೊಂದಾಗಿ ಬದಲಿಸಬೇಕು, ಒಂದನ್ನು ಹಾಕಿ ಮುಗಿಸುವ ಮೊದಲು ಇನ್ನೊಂದನ್ನು ಕತ್ತರಿಸಬಾರದು. ಮೈನ್ಸ್ ವೈರನ್ನಂತೂ ನೋಡದೆಯೇ ಬದಲಿಸಬಹುದು. ಇದಕ್ಕೆ ಒಂದೇ ಒಂದು ಅಪವಾದವಿದೆ. ಕೆಲವು ಎಸಿ-ಡಿಸಿ ಸೆಟ್ಟುಗಳಲ್ಲಿ ಮೈನ್ಸ್ ವೈರಿನೊಳಗೇ ರೆಸಿಸ್ಟೆನ್ಸ್ ತಂತಿ ಹೆಣೆದಿರುತ್ತದೆ, ಅದನ್ನು ಮಾಮೂಲಿ ವೈರಿನಿಂದ ಬದಲಿಸಿದರೆ ಅಷ್ಟೂ ವೋಲ್ಟೇಜ್ ಹೀಟರುಗಳ ಮೇಲೆ ಬಿದ್ದು ಅವೆಲ್ಲ ಸುಟ್ಟುಹೋಗುತ್ತವೆ. ಕರೆಂಟ್ ಕೊಟ್ಟಾಗ ಬಿಸಿಯಾಗುವ, ಎರಡಕ್ಕಿಂತ ಹೆಚ್ಚು ಎಳೆಗಳಿರುವ ವೈರ್ ಕಂಡರೆ ಸರ್ಕ್ಯೂಟ್ ಚಿತ್ರ ನೋಡದೆ ಕತ್ತರಿ ಹಾಕಬೇಡಿ.

ಇನ್ನು ಮೀಟರ್. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ (ಔಟ್‌ಪುಟ್ ವಾಲ್ವಿಗೂ ಸ್ಪೀಕರಿಗೂ ನಡುವಿನದರ) ಪ್ರೈಮರಿ ಕೆಲವು ನೂರು ಓಮ್ ತೋರಿಸಬೇಕು, ಸೆಕೆಂಡರಿ ಒಂದು ಓಮಿನ ಆಸುಪಾಸು. ಪ್ರೈಮರಿಯ ತೆಳು ತಂತಿ ತುಕ್ಕು ಹಿಡಿದು ಕಡಿದಿರುವುದು ಈ ರೇಡಿಯೋಗಳ ಮಾಮೂಲಿ ರೋಗ. ಹಾಗಾದಾಗ ಔಟ್‌ಪುಟ್ ವಾಲ್ವಿನ ಪ್ಲೇಟಿಗೆ (ಕ್ಯಾಥೋಡ್ ಉಗುಳುವ ಎಲೆಕ್ಟ್ರಾನುಗಳನ್ನು ಹಿಡಿಯುವ ಭಾಗಕ್ಕೆ) ವೋಲ್ಟೇಜ್ ಹೋಗುವುದಿಲ್ಲ, ನಡುವಿನ ಜಾಲರಿಗಳಲ್ಲೊಂದಾದ ಸ್ಕ್ರೀನ್ ಗ್ರಿಡ್ಡಿಗೆ ಮಾತ್ರ ಹೋಗುತ್ತದೆ, ಇಡೀ ಕರೆಂಟನ್ನು ಆ ತೆಳು ಗ್ರಿಡ್ಡೇ ಹೊತ್ತು ಕೆಂಪಗೆ ಕಾಯುತ್ತದೆ. ಆದ್ದರಿಂದ ಈ ಅಳತೆಯನ್ನು ಕರೆಂಟ್ ಕೊಡುವ ಮೊದಲೇ ಮಾಡಬೇಕು. ರೆಕ್ಟಿಫೈಯರಿನ ಕ್ಯಾಥೋಡಿನಿಂದ ಎಚ್‌ಟಿಯ ನೆಗೆಟಿವಿಗೆ ಅಳೆದಾಗ ಓದು ನಿಧಾನವಾಗಿ ಏರುತ್ತ ಹತ್ತಾರು ಕಿಲೋ ಓಮಿಗೆ ಹೋಗಬೇಕು. ಕೆಲವೇ ನೂರು ಓಮಿನಲ್ಲಿ ನಿಂತರೆ ಎಲ್ಲೋ ಶಾರ್ಟ್ ಇದೆ. ರೆಸಿಸ್ಟರುಗಳನ್ನೂ ಈಗಲೇ ಅಳೆದುಬಿಡಬಹುದು. ಹಳೆಯ ಕಾರ್ಬನ್ ರೆಸಿಸ್ಟರುಗಳ ಓಮ್ ಮೌಲ್ಯ ವಯಸ್ಸಾದಂತೆ ಏರುತ್ತದೆ, ನಮೂದಿಸಿದ್ದಕ್ಕಿಂತ ಶೇಕಡಾ 20ಕ್ಕಿಂತ ಹೆಚ್ಚು ಏರಿದ್ದರೆ ಬದಲಿಸಬೇಕು. ಅದಕ್ಕಿಂತ ಕಡಿಮೆ ವ್ಯತ್ಯಾಸವನ್ನು ಮೂಲ ವಿನ್ಯಾಸಕಾರರೇ ಒಪ್ಪಿಕೊಂಡಿದ್ದರು, ಮುಟ್ಟುವುದು ಬೇಡ.

ಕೆಪಾಸಿಟರುಗಳು

ದುರಸ್ತಿಯ ಮುಕ್ಕಾಲು ಪಾಲು ಇಲ್ಲಿದೆ. ಆ ಕಾಲದ ಕೆಪಾಸಿಟರುಗಳಲ್ಲಿ ಎರಡು ಬಗೆಯವು ಖಂಡಿತ ಕೆಟ್ಟಿರುತ್ತವೆ. ಒಂದು, ಕಾಗದದ ಮತ್ತು ಲೋಹದ ಹಾಳೆಗಳನ್ನು ಸುರುಳಿ ಸುತ್ತಿ ಮೇಣದಲ್ಲೋ ಪ್ಲಾಸ್ಟಿಕ್ಕಿನಲ್ಲೋ ಮುಚ್ಚಿದ ಪೇಪರ್ ಕೆಪಾಸಿಟರ್. ಕಾಗದ ತೇವ ಹೀರಿಕೊಂಡು ಡಿಸಿಯನ್ನು ಸೋರಿಸತೊಡಗುತ್ತದೆ. ಇನ್ನೊಂದು, ಒಳಗಿನ ದ್ರಾವಣ ಒಣಗಿ, ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಕರಗಿಹೋದ ಎಲೆಕ್ಟ್ರೋಲಿಟಿಕ್. ಪೇಪರ್ ಕೆಪಾಸಿಟರನ್ನು ಮಾಮೂಲಿ ಮೀಟರಿನಲ್ಲಿ ಪರೀಕ್ಷಿಸಿ ಸರಿಯಿದೆ ಎಂದುಕೊಳ್ಳುವುದು ತಪ್ಪು, ಏಕೆಂದರೆ ಕೆಲವೇ ವೋಲ್ಟಿನಲ್ಲಿ ಅಳೆಯುವ ಮೀಟರಿಗೆ 250 ವೋಲ್ಟಿನಲ್ಲಿ ಶುರುವಾಗುವ ಸೋರಿಕೆ ಕಾಣುವುದೇ ಇಲ್ಲ. ಆದ್ದರಿಂದ ಪೇಪರ್ ಬಗೆಯವನ್ನೆಲ್ಲ ಒಟ್ಟಾಗಿ ಬದಲಿಸುವುದೇ ಸರಿಯಾದ ನಿರ್ಧಾರ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಮೈಕಾ ಮತ್ತು ಸೆರಾಮಿಕ್ ಕೆಪಾಸಿಟರುಗಳನ್ನು ಮುಟ್ಟಬಾರದು. ಅವು ಸಾಮಾನ್ಯವಾಗಿ ಗಟ್ಟಿಯಾಗಿರುತ್ತವೆ, ಮತ್ತು ಟ್ಯೂನಿಂಗ್ ಭಾಗದಲ್ಲಿ ಅವನ್ನು ಬದಲಿಸಿದರೆ ಅಲೈನ್‌ಮೆಂಟ್ ಕದಲುತ್ತದೆ.

ಪೇಪರಿನ ಜಾಗಕ್ಕೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್, 630 ವೋಲ್ಟಿನದು. ಹಳೆಯ 0.05ರ ಬದಲು ಈಗ ಸಿಗುವ 0.047 ಮೈಕ್ರೋಫ್ಯಾರಡ್, 0.02ರ ಬದಲು 0.022 ಧಾರಾಳವಾಗಿ ನಡೆಯುತ್ತದೆ. ಮೈನ್ಸ್ ತಂತಿಗಳಿಗೆ ಅಡ್ಡಲಾಗಿ ಇರುವ ಕೆಪಾಸಿಟರಿಗೆ ಮಾತ್ರ ಈ ಸಾಮಾನ್ಯ ಬಗೆ ಸಲ್ಲದು. ಅಲ್ಲಿ ಎಕ್ಸ್2 ದರ್ಜೆಯದ್ದೂ, ಮೈನ್ಸಿನಿಂದ ಚಾಸಿಗೆ ಅಥವಾ ಎಸಿ-ಡಿಸಿ ಸೆಟ್ಟಿನಲ್ಲಿ ಏರಿಯಲ್ ಸಾಕೆಟ್ಟಿಗೆ ಇರುವ ಕಡೆ ವೈ2 ದರ್ಜೆಯದ್ದೂ ಬೇಕು. ಮೈನ್ಸಿನ ಹೊಡೆತ ತಾಳುವಂತೆ ಪರೀಕ್ಷೆಯಾಗಿರುವುದು ಇಂಥ ದರ್ಜೆಗಳಷ್ಟೇ.

ಫಿಲ್ಟರ್ ಎಲೆಕ್ಟ್ರೋಲಿಟಿಕ್ಕುಗಳಿಗೆ 450 ವೋಲ್ಟಿನವನ್ನು ಹಾಕಬೇಕು. 5ವೈ3ಯಂತಹ ನೇರ ಕಾಯುವ ರೆಕ್ಟಿಫೈಯರ್ ಕೆಲವೇ ಸೆಕೆಂಡುಗಳಲ್ಲಿ ಸಿದ್ಧವಾಗಿ, ಉಳಿದ ವಾಲ್ವ್‌ಗಳು ಇನ್ನೂ ಕಾಯದೆ ಕರೆಂಟ್ ಎಳೆಯದಿರುವಾಗ ಎಚ್‌ಟಿಯನ್ನು ಮಾಮೂಲಿಗಿಂತ ಬಹಳ ಮೇಲೆ ಏರಿಸುತ್ತದೆ, ಆ ಏರಿಕೆಯನ್ನು ಕೆಪಾಸಿಟರ್ ತಾಳಬೇಕಲ್ಲ. ಮೈಕ್ರೋಫ್ಯಾರಡ್ ಮೌಲ್ಯವನ್ನು ಸುಮ್ಮನೆ ಹೆಚ್ಚಿಸುವುದೂ ಸಲ್ಲದು. 16ರ ಜಾಗಕ್ಕೆ 22, 32ರ ಜಾಗಕ್ಕೆ 33 ಮೈಕ್ರೋಫ್ಯಾರಡ್ ಸರಿ. ಹಮ್ (ಸ್ಪೀಕರಿನಲ್ಲಿ ಬರುವ ಮೈನ್ಸಿನ ಗುಂಯ್ ಶಬ್ದ) ಇರುವುದೇ ಬೇಡ ಎಂದು ರೆಕ್ಟಿಫೈಯರಿನ ಪಕ್ಕದ ಮೊದಲ ಕೆಪಾಸಿಟರಿಗೆ 100 ಹಾಕಿದರೆ ಪ್ರತಿ ಸೈಕಲ್ಲಿನಲ್ಲೂ ಅದನ್ನು ತುಂಬಲು ಹೋಗಿ ರೆಕ್ಟಿಫೈಯರ್ ಸೋಲುತ್ತದೆ. ಇಝಡ್80ಗೆ ತಯಾರಕರು ಕೊಟ್ಟ ಮಿತಿ 50 ಮೈಕ್ರೋಫ್ಯಾರಡ್.

ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ ನೆಗೆಟಿವ್ ತುದಿ. ಕೆಲವು ಸೆಟ್ಟುಗಳಲ್ಲಿ ಮೊದಲ ಫಿಲ್ಟರ್ ಕೆಪಾಸಿಟರಿನ ನೆಗೆಟಿವ್ ಚಾಸಿಗೆ ಸೇರಿರುವುದಿಲ್ಲ. ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪಿಗೆ (ಸುರುಳಿಯ ನಟ್ಟನಡುವಿನಿಂದ ಬಂದ ತಂತಿಗೆ) ಸೇರಿದ್ದು, ಅದಕ್ಕೂ ಚಾಸಿಗೂ ನಡುವೆ ಒಂದು ರೆಸಿಸ್ಟರ್ ಇರುತ್ತದೆ. ಆ ರೆಸಿಸ್ಟರಿನಲ್ಲಿ ಹುಟ್ಟುವ ನೆಗೆಟಿವ್ ವೋಲ್ಟೇಜೇ ಔಟ್‌ಪುಟ್ ವಾಲ್ವಿನ ಗ್ರಿಡ್ ಬಯಾಸ್, ಅಂದರೆ ಅದರ ಕರೆಂಟನ್ನು ಹದದಲ್ಲಿಡುವ ವೋಲ್ಟೇಜ್. ಹೊಸ ಕೆಪಾಸಿಟರಿನ ನೆಗೆಟಿವನ್ನು ಅಭ್ಯಾಸಬಲದಿಂದ ಚಾಸಿಗೆ ಬೆಸೆದರೆ ಹಮ್ ಹೆಚ್ಚುತ್ತದೆ, ಬಯಾಸ್ ಏರುಪೇರಾಗುತ್ತದೆ. ಹಳೆಯ ಡಬ್ಬದ ಕೆಳಗೆ ಇನ್ಸುಲೇಟಿಂಗ್ ವಾಷರ್ ಕಂಡರೆ ಇದು ಅಂಥ ಸೆಟ್ಟು ಎಂದು ಅನುಮಾನಿಸಬೇಕು.

ಚಾಸಿಯ ಮೇಲೆ ಎದ್ದು ಕಾಣುವ ಅಲ್ಯೂಮಿನಿಯಂ ಡಬ್ಬವನ್ನು ಕಿತ್ತೆಸೆಯಬೇಕಿಲ್ಲ. ಅದರ ತಂತಿಗಳನ್ನೆಲ್ಲ ಬಿಡಿಸಿ ಡಬ್ಬವನ್ನು ಅಲ್ಲೇ ಬಿಟ್ಟು, ಹೊಸ ಕೆಪಾಸಿಟರುಗಳನ್ನು ಚಾಸಿಯ ಕೆಳಗೆ ಟ್ಯಾಗ್ ಸ್ಟ್ರಿಪ್ ಹಾಕಿ ಕೂರಿಸಬಹುದು. ಹಳೆಯದನ್ನು ಬಿಡಿಸದೆ ಹೊಸದನ್ನು ಅದಕ್ಕೆ ಪ್ಯಾರಲಲ್ಲಾಗಿ ಸೇರಿಸುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ಕಡಿಮೆ ವೋಲ್ಟೇಜಿನಿಂದ ನಿಧಾನಕ್ಕೆ ಏರಿಸುತ್ತ ಹಳೆಯ ಎಲೆಕ್ಟ್ರೋಲಿಟಿಕ್ಕಿನ ಆಕ್ಸೈಡ್ ಪದರವನ್ನು ಮತ್ತೆ ಕಟ್ಟುವ ವಿಧಾನವೂ ಇದೆ. ದಿನವೂ ಬಳಸುವ ರೇಡಿಯೋಕ್ಕೆ ನಾನು ಅದನ್ನು ಸೂಚಿಸುವುದಿಲ್ಲ.

ಔಟ್‌ಪುಟ್ ವಾಲ್ವಿನ ಗ್ರಿಡ್

ಮೊದಲ ಆಡಿಯೋ ವಾಲ್ವಿನ ಪ್ಲೇಟಿನಿಂದ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗುವ, ಸಾಮಾನ್ಯವಾಗಿ 0.01ರಿಂದ 0.02 ಮೈಕ್ರೋಫ್ಯಾರಡಿನ ಕಪ್ಲಿಂಗ್ ಕೆಪಾಸಿಟರ್ ಇಡೀ ರೇಡಿಯೋದಲ್ಲೇ ಅತಿ ಮುಖ್ಯವಾದದ್ದು. ಅದರ ಒಂದು ತುದಿಯಲ್ಲಿ ನೂರರ ಆಸುಪಾಸಿನ ವೋಲ್ಟೇಜ್ ಇರುತ್ತದೆ, ಇನ್ನೊಂದು ತುದಿ ಸೊನ್ನೆಯಲ್ಲಿರಬೇಕು. ಅದು ಸೋರಿದರೆ ಗ್ರಿಡ್ ಪಾಸಿಟಿವ್ ಆಗುತ್ತದೆ, ವಾಲ್ವ್ ಮಿತಿ ಮೀರಿ ಕರೆಂಟ್ ಎಳೆಯುತ್ತದೆ, ಕೊನೆಗೆ ವಾಲ್ವ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್ ಮೂರಕ್ಕೂ ಕುತ್ತು.

ಇಎಲ್84 ಇರುವ ಸೆಟ್ಟಿನಲ್ಲಿ ಇದನ್ನು ನೋಡುವುದು ಹೀಗೆ. ರೇಡಿಯೋ ಕಾದ ಮೇಲೆ ಗ್ರಿಡ್, ಅಂದರೆ ಎರಡನೇ ಪಿನ್ನಿನ ವೋಲ್ಟೇಜನ್ನು ಚಾಸಿಗೆ ಹೋಲಿಸಿ ಅಳೆಯಬೇಕು. ಕ್ಯಾಥೋಡ್ ಬಯಾಸ್ ಇರುವ (ಕ್ಯಾಥೋಡಿನ ರೆಸಿಸ್ಟರಿನಿಂದಲೇ ಬಯಾಸ್ ಪಡೆಯುವ) ಸೆಟ್ಟಿನಲ್ಲಿ ಅದು ಸೊನ್ನೆ ಇರಬೇಕು. ಅರ್ಧ ವೋಲ್ಟ್ ಪಾಸಿಟಿವ್ ಕಂಡರೂ ಕರೆಂಟ್ ತೆಗೆದು ಕಾರಣ ಹುಡುಕಬೇಕು. ಕೆಪಾಸಿಟರಿನ ಒಂದು ತುದಿಯನ್ನು ಬಿಡಿಸಿ ಮತ್ತೆ ಅಳೆದಾಗ ಪಾಸಿಟಿವ್ ಮಾಯವಾದರೆ ತಪ್ಪು ಕೆಪಾಸಿಟರಿನದು. ಹಾಗೆಯೇ ಉಳಿದರೆ ವಾಲ್ವಿನೊಳಗೆ ಗ್ಯಾಸ್ ಸೇರಿದೆ ಅಥವಾ ಗ್ರಿಡ್ಡೇ ಎಲೆಕ್ಟ್ರಾನ್ ಉಗುಳುತ್ತಿದೆ ಎಂದು ತಿಳಿದು ವಾಲ್ವ್ ಬದಲಿಸಬೇಕು. ಅನಂತರ ಮೂರನೇ ಪಿನ್ನಿನ ಕ್ಯಾಥೋಡ್ ವೋಲ್ಟೇಜ್. ಅಲ್ಲಿ 135 ಓಮಿನ ರೆಸಿಸ್ಟರ್ ಇದ್ದು 7.3 ವೋಲ್ಟ್ ಬಂದರೆ, ಭಾಗಿಸಿದಾಗ 54 ಮಿಲಿಆಂಪಿಯರ್ ಆಗುತ್ತದೆ. 250 ವೋಲ್ಟಿನಲ್ಲಿ ಪ್ಲೇಟಿನ 48 ಮತ್ತು ಸ್ಕ್ರೀನಿನ 5.5 ಸೇರಿ ತಯಾರಕರು ಹೇಳಿದ ಲೆಕ್ಕ ಇದೇ. ಅದೇ ಜಾಗದಲ್ಲಿ 11 ವೋಲ್ಟ್ ಬಂದರೆ ಕರೆಂಟ್ 81 ಮಿಲಿಆಂಪಿಯರ್. ಈ ವಾಲ್ವಿನ ಕ್ಯಾಥೋಡಿಗೆ ಇರುವ ಮಿತಿಯೇ 65. ಒಂದು ವೋಲ್ಟೇಜ್ ಅಳೆದು ಒಂದು ಭಾಗಾಕಾರ ಮಾಡಿದರೆ ಸಿಗುವ ಈ ಸಂಖ್ಯೆ ರೇಡಿಯೋದ ಆರೋಗ್ಯವನ್ನು ಬೇರೆ ಯಾವ ಅಳತೆಗಿಂತಲೂ ಚೆನ್ನಾಗಿ ಹೇಳುತ್ತದೆ, ಹಾಗಾಗಿ ಪ್ರತಿ ಸೆಟ್ಟಿನಲ್ಲೂ ಇದನ್ನು ಬರೆದಿಟ್ಟುಕೊಳ್ಳಬೇಕು.

ಮೊದಲ ಸಲ ಕರೆಂಟ್ ಕೊಡುವುದು

ಮೈನ್ಸಿಗೂ ರೇಡಿಯೋಕ್ಕೂ ನಡುವೆ 60 ವಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ ಹಾಕಬೇಕು. ತಣ್ಣಗಿರುವಾಗ ಅದರ ಫಿಲಮೆಂಟಿನ ರೆಸಿಸ್ಟೆನ್ಸ್ ಕಡಿಮೆ, ಉರಿದಾಗ ಹಲವು ಪಟ್ಟು ಹೆಚ್ಚು. ಒಳಗೆ ಶಾರ್ಟ್ ಇದ್ದರೆ ಬಲ್ಬೇ ಪೂರ್ತಿ ಉರಿದು ಕರೆಂಟನ್ನು ತಡೆಯುತ್ತದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ. ಬಲ್ಬ್ ರೇಡಿಯೋವನ್ನು ಕಾಯುತ್ತದೆ, ನಿಮ್ಮನ್ನಲ್ಲ. ಶಾಕ್ ತಪ್ಪಿಸುವ ಶಕ್ತಿ ಅದಕ್ಕಿಲ್ಲ.

ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿನಲ್ಲಿ ಎಲ್ಲ ವಾಲ್ವ್‌ಗಳನ್ನೂ ಡಯಲ್ ದೀಪವನ್ನೂ ತೆಗೆದು ಮೊದಲು ಟ್ರಾನ್ಸ್‌ಫಾರ್ಮರಿಗೆ ಮಾತ್ರ ಕರೆಂಟ್ ಕೊಟ್ಟಾಗ ಬಲ್ಬ್ ಹೆಚ್ಚುಕಡಿಮೆ ಉರಿಯಲೇಬಾರದು. ಚೆನ್ನಾಗಿ ಉರಿದರೆ ಟ್ರಾನ್ಸ್‌ಫಾರ್ಮರಿನೊಳಗೆ ಸುತ್ತುಗಳು ಶಾರ್ಟ್ ಆಗಿವೆ. ಅನಂತರ ರೆಕ್ಟಿಫೈಯರ್ ಬಿಟ್ಟು ಉಳಿದ ವಾಲ್ವ್‌ಗಳನ್ನು ಹಾಕಿ ಹೀಟರುಗಳೆಲ್ಲ ಕೆಂಪಗಾಗುತ್ತವೆಯೇ ಎಂದು ನೋಡಿ, ಕೊನೆಗೆ ರೆಕ್ಟಿಫೈಯರ್ ಹಾಕಬೇಕು. ಬಲ್ಬ್ ಒಮ್ಮೆ ಹೊಳೆದು, ಮಂಕಾಗಿ, ವಾಲ್ವ್‌ಗಳು ಕಾದಂತೆ ತುಸು ಬೆಳಗಿ ಹಾಗೇ ನಿಂತರೆ ಶುಭಸೂಚನೆ. ಸೀರೀಸ್ ಹೀಟರಿನ ಸೆಟ್ಟಿನಲ್ಲಿ ಈ ಹಂತಗಳಿಲ್ಲ, ಒಂದು ವಾಲ್ವ್ ತೆಗೆದರೂ ಯಾವುದೂ ಉರಿಯುವುದಿಲ್ಲ. ಕಾಯಂ ಆಯಸ್ಕಾಂತದ ಬದಲು ಫೀಲ್ಡ್ ಕಾಯಿಲ್ ಇರುವ ಹಳೆಯ ಸ್ಪೀಕರಾದರೆ, ಆ ಫೀಲ್ಡ್ ಕಾಯಿಲೇ ಎಚ್‌ಟಿಯ ಚೋಕ್ ಆಗಿರುವುದರಿಂದ ಸ್ಪೀಕರ್ ಬಿಡಿಸಿಟ್ಟು ಪರೀಕ್ಷಿಸಲು ಬರುವುದಿಲ್ಲ. ಯಾವ ಸೆಟ್ಟನ್ನೇ ಆದರೂ ಸ್ಪೀಕರ್ ಇಲ್ಲದೆ ನಡೆಸಬಾರದು. ಹೊರೆಯಿಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಏಳುವ ವೋಲ್ಟೇಜ್ ಅದರ ಇನ್ಸುಲೇಷನ್ನನ್ನೇ ಸೀಳಬಲ್ಲದು.

ಎಲ್ಲ ಸರಿಯೆನಿಸಿದ ಮೇಲೆ ಬಲ್ಬ್ ತೆಗೆದು ನೇರ ಮೈನ್ಸಿಗೆ ಹಾಕಿ ವೋಲ್ಟೇಜುಗಳನ್ನು ಸರ್ವಿಸ್ ಚಾರ್ಟಿನೊಂದಿಗೆ ಹೋಲಿಸಬೇಕು. ಹಿಂಬದಿಯ ವೋಲ್ಟೇಜ್ ಸೆಲೆಕ್ಟರನ್ನು ಇಂದಿನ ಮೈನ್ಸಿಗೆ ಸಮನಾದ ಅಥವಾ ಅದಕ್ಕಿಂತ ಮೇಲಿನ ಸ್ಥಾನದಲ್ಲಿಟ್ಟು, 6.3 ವೋಲ್ಟಿನ ಹೀಟರುಗಳಿಗೆ 6.9ಕ್ಕಿಂತ ಹೆಚ್ಚು ಹೋಗದಂತೆ ನೋಡಿಕೊಳ್ಳಬೇಕು. ಚಾರ್ಟಿನಲ್ಲಿ 60 ವೋಲ್ಟ್ ಎಂದಿರುವ ಕಡೆ ನಿಮ್ಮ ಡಿಜಿಟಲ್ ಮೀಟರ್ 80 ತೋರಿಸಿದರೆ ಗಾಬರಿ ಬೇಡ. ಆ ಕಾಲದ ಮೀಟರುಗಳು ತಾವೇ ಕರೆಂಟ್ ಎಳೆದು, ದೊಡ್ಡ ರೆಸಿಸ್ಟರುಗಳ ಹಿಂದಿನ ವೋಲ್ಟೇಜನ್ನು ಇಳಿಸಿ ತೋರಿಸುತ್ತಿದ್ದವು.

ಇಷ್ಟಾದರೂ ಸ್ಟೇಷನ್ ಬಾರದಿದ್ದರೆ ಸ್ಪೀಕರಿನ ಕಡೆಯಿಂದ ಏರಿಯಲ್ಲಿನ ಕಡೆಗೆ ಹುಡುಕುತ್ತ ಹೋಗಬೇಕು. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿನಲ್ಲಿ ವಾಲ್ಯೂಮ್ ಕಂಟ್ರೋಲಿನ ನಡುವಿನ ತುದಿಗೆ ಇನ್ಸುಲೇಟೆಡ್ ಹಿಡಿಯ ಸ್ಕ್ರೂಡ್ರೈವರ್ ಮೊನೆಯನ್ನು ತಾಗಿಸಿದಾಗ ಜೋರಾಗಿ ಗುಂಯ್‌ಗುಟ್ಟಿದರೆ ಆಡಿಯೋ ಭಾಗ ಬದುಕಿದೆ. ಆಸಿಲೇಟರ್ ನಡೆಯುತ್ತಿದೆಯೇ ಎಂದು ತಿಳಿಯಲು ಸರಿಯಿರುವ ಇನ್ನೊಂದು ರೇಡಿಯೋವೇ ಸಾಕು. ಐಎಫ್ 455 ಆದರೆ, 600 ಕಿಲೋಹರ್ಟ್ಸ್‌ಗೆ ತಿರುಗಿಸಿದ ಸೆಟ್ಟಿನ ಆಸಿಲೇಟರ್ 1055ರಲ್ಲಿರುತ್ತದೆ. ಪಕ್ಕದ ರೇಡಿಯೋವನ್ನು 1055ರ ಸುತ್ತ ಇಟ್ಟು ಇದರ ಮುಳ್ಳನ್ನು ಹಿಂದೆಮುಂದೆ ಮಾಡಿದಾಗ ಅದರಲ್ಲಿ ಸಿಳ್ಳೆಯೋ ಇದ್ದಕ್ಕಿದ್ದಂತೆ ಮೌನವೋ ಹಾದುಹೋದರೆ ಆಸಿಲೇಟರ್ ಸರಿಯಿದೆ. ಕರಕರ ಶಬ್ದ ನಾಬ್ ತಿರುಗಿಸಿದಾಗ ಮಾತ್ರ ಬಂದರೆ ಕಂಟ್ರೋಲನ್ನು, ಬ್ಯಾಂಡ್ ಬದಲಿಸುವಾಗ ಬಂದರೆ ಸ್ವಿಚ್ಚನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆಯಬೇಕು. ಒಂದೆರಡು ಹನಿ ಸಾಕು.

ಅಲೈನ್‌ಮೆಂಟ್

ಐಎಫ್ ಟ್ರಾನ್ಸ್‌ಫಾರ್ಮರಿನ ತಲೆಯ ಮೇಲಿನ ಕೋರ್ ಕಂಡಕೂಡಲೇ ತಿರುಗಿಸಿ ನೋಡುವವರಿಂದ ಈ ರೇಡಿಯೋಗಳಿಗೆ ಆಗಿರುವ ಹಾನಿ ಕಡಿಮೆಯದಲ್ಲ. ಸಿಗ್ನಲ್ ಜನರೇಟರ್ ಇಲ್ಲದಿದ್ದರೆ, ಸ್ಟೇಷನ್‌ಗಳು ಸರಿಯಾಗಿ ಬರುತ್ತಿದ್ದರೆ, ಅದನ್ನು ಹಾಗೇ ಬಿಡುವುದು ಉತ್ತಮ. ಮಾಡಲೇಬೇಕಿದ್ದರೆ ರೇಡಿಯೋವನ್ನು ಅರ್ಧ ಗಂಟೆ ಕಾಯಿಸಿ, ಲೋಹವಲ್ಲದ ಟ್ರಿಮ್ಮಿಂಗ್ ಟೂಲ್ ಹಿಡಿದು, ಕೇಳುವಷ್ಟು ಮಾತ್ರ ಸಣ್ಣ ಸಿಗ್ನಲ್ ಕೊಡಬೇಕು, ಏಕೆಂದರೆ ಸಿಗ್ನಲ್ ದೊಡ್ಡದಾದರೆ ಎಜಿಸಿ (ವರ್ಧನೆಯನ್ನು ತಾನಾಗಿಯೇ ಹೊಂದಿಸುವ ಸರ್ಕ್ಯೂಟ್) ತಾನೇ ವಾಲ್ಯೂಮನ್ನು ಸರಿದೂಗಿಸಿ ಶಿಖರವನ್ನು ಮರೆಮಾಚುತ್ತದೆ. ಮೊದಲು ಐಎಫ್, ಕೊನೆಯ ಟ್ರಾನ್ಸ್‌ಫಾರ್ಮರಿನಿಂದ ಹಿಂದಕ್ಕೆ. ಅನಂತರ ಆಸಿಲೇಟರ್: ಮಿಡಿಯಂ ವೇವ್‌ನಲ್ಲಿ 600ರ ಸುತ್ತ ಕೋರನ್ನು, 1400ರ ಸುತ್ತ ಟ್ರಿಮ್ಮರನ್ನು ಹೊಂದಿಸಿ, ಒಂದು ತುದಿ ಇನ್ನೊಂದನ್ನು ಕದಲಿಸುವುದರಿಂದ ಎರಡೂ ಡಯಲ್ಲಿಗೆ ಹೊಂದುವವರೆಗೆ ಸರದಿಯಲ್ಲಿ ಮಾಡುತ್ತ ಹೋಗಬೇಕು. ಏರಿಯಲ್ ಕಾಯಿಲ್ ಕೊನೆಗೆ. ಬಿಗಿಯಾಗಿರುವ ಕೋರನ್ನು ಬಲವಂತ ಮಾಡಬಾರದು, ಒಳಗೇ ಒಡೆದರೆ ಆ ಟ್ರಾನ್ಸ್‌ಫಾರ್ಮರ್ ಹೋಯಿತು.

ಕ್ಯಾಬಿನೆಟ್ಟು, ಡಯಲ್ಲು

ಡಯಲ್ ಗಾಜಿನ ಮುಂಭಾಗವನ್ನು ಮಾತ್ರ ಒರೆಸಬೇಕು. ಊರುಗಳ ಹೆಸರುಗಳೂ ಅಂಕಿಗಳೂ ಹಿಂಬದಿಗೆ ಬಣ್ಣದಲ್ಲಿ ಅಚ್ಚಾಗಿರುತ್ತವೆ, ಸೋಪಿನ ನೀರು ತಾಗಿದರೂ ಎದ್ದು ಬರಬಹುದು. ಅಲ್ಲಿ ಒಣ ಮೃದು ಬ್ರಷ್ಷನ್ನಷ್ಟೇ ಆಡಿಸಬೇಕು. ಡಯಲ್ ದೀಪ ಅಲಂಕಾರಕ್ಕೆಂದು ಭಾವಿಸುವುದೂ ಸರಿಯಲ್ಲ. 35ಡಬ್ಲ್ಯೂ4 ಇರುವ ಸೆಟ್ಟಿನಲ್ಲಿ ಆ ದೀಪ ರೆಕ್ಟಿಫೈಯರಿನ ಹೀಟರಿನ ಒಂದು ಭಾಗಕ್ಕೆ ಪ್ಯಾರಲಲ್ಲಾಗಿದ್ದು ಕರೆಂಟಿನ ಪಾಲು ಹೊರುತ್ತದೆ, ದೀಪ ಹೋದರೆ ಆ ಭಾಗ ಹೆಚ್ಚು ಕಾದು ಸುಡುತ್ತದೆ. ಹೋದ ದೀಪವನ್ನು ಆಗಲೇ ಅದೇ ಬಗೆಯದರಿಂದ ಬದಲಿಸಬೇಕು.

ಮರದ ಕ್ಯಾಬಿನೆಟ್ಟಿನ ಮೇಲಿರುವುದು ಬಹಳ ತೆಳುವಾದ ವೆನೀರ್. ಯಂತ್ರದಿಂದ ಉಜ್ಜಿದರೆ ಕ್ಷಣದಲ್ಲಿ ಸವೆದು ಕೆಳಗಿನ ಪ್ಲೈವುಡ್ ಕಾಣುತ್ತದೆ. ಕಾಣದ ಮೂಲೆಯಲ್ಲಿ ಸ್ಪಿರಿಟ್ ಹಚ್ಚಿದಾಗ ಮೆತ್ತಗಾದರೆ ಹಳೆಯ ಲೇಪನ ಶೆಲ್ಯಾಕ್, ಥಿನ್ನರಿಗೆ ಮಾತ್ರ ಮೆತ್ತಗಾದರೆ ಲ್ಯಾಕರ್; ಅದೇ ಬಗೆಯನ್ನು ತೆಳುವಾಗಿ ಮೇಲೆ ಹಚ್ಚಿದರೆ ಎಷ್ಟೋ ಸಲ ಪೂರ್ತಿ ಕೆರೆಯುವ ಅಗತ್ಯವೇ ಬರುವುದಿಲ್ಲ. ಬೇಕಲೈಟಿಗೆ ನಯವಾದ ಪಾಲಿಷ್ ಪೇಸ್ಟ್ ಸಾಕು. ಸ್ಪೀಕರ್ ಬಟ್ಟೆಯನ್ನು ತೊಳೆಯಬೇಡಿ, ಕುಗ್ಗುತ್ತದೆ. ಕಂಪನಿಯ ಅಚ್ಚುಗುರುತು, ಒಳಗೆ ಅಂಟಿಸಿದ ವಾಲ್ವ್‌ಗಳ ಪಟ್ಟಿ ಇವುಗಳನ್ನು ಉಳಿಸಿಕೊಳ್ಳಲು ಸ್ವಲ್ಪ ಕಲೆ ಉಳಿದರೂ ಚಿಂತೆಯಿಲ್ಲ ಎಂಬುದು ನನ್ನ ನಿಲುವು.

ಮುಚ್ಚುವ ಮೊದಲು ಮೈನ್ಸ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ ಅರ್ಧ ಆಂಪಿಯರಿನ ಆಸುಪಾಸಿನ ನಿಧಾನ ಫ್ಯೂಸ್ ಸೇರಿಸಿ, ಎರಡು ಮೂರು ಗಂಟೆ ಎದುರಲ್ಲೇ ಕೂತು ಹಾಡಿಸಿ, ಔಟ್‌ಪುಟ್ ವಾಲ್ವಿನ ಗ್ರಿಡ್ ಮತ್ತು ಕ್ಯಾಥೋಡ್ ವೋಲ್ಟೇಜುಗಳನ್ನು ಮತ್ತೊಮ್ಮೆ ಅಳೆಯಬೇಕು. ಗ್ಯಾಸಿನ ದೋಷ ವಾಲ್ವ್ ಪೂರ್ತಿ ಕಾದ ಮೇಲೆಯೇ ಹೊರಬೀಳುವುದು. ಮಿಡಿಯಂ ವೇವ್ ಸ್ಟೇಷನ್‌ಗಳು ಅನೇಕ ದೇಶಗಳಲ್ಲಿ ಮುಚ್ಚುತ್ತಿರುವುದರಿಂದ, ಹಿಂಬದಿಯ ಗ್ರಾಮಫೋನ್ ಸಾಕೆಟ್ಟಿಗೆ ಈಗಿನ ಪ್ಲೇಯರನ್ನು ಜೋಡಿಸಿಕೊಳ್ಳಬಹುದು, ಆದರೆ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿಗೆ ಮಾತ್ರ; ಲೈವ್ ಚಾಸಿಯ ಸೆಟ್ಟಿಗೆ ಜೋಡಿಸಿದರೆ ಕೈಯಲ್ಲಿ ಹಿಡಿದ ಪ್ಲೇಯರಿಗೇ ಮೈನ್ಸ್ ಬರುತ್ತದೆ. ಬದಲಿಸಿದ ಬಿಡಿಭಾಗಗಳ ಪಟ್ಟಿಯನ್ನೂ, ಅಳೆದ ವೋಲ್ಟೇಜುಗಳನ್ನೂ, ಸೆಲೆಕ್ಟರ್ ಯಾವ ಸ್ಥಾನದಲ್ಲಿದೆ ಎಂಬುದನ್ನೂ ಚೀಟಿಯಲ್ಲಿ ಬರೆದು, ವಾಲ್ವ್‌ಗಳ ಬಿಸಿ ತಾಗದ ಕಡೆ ಕ್ಯಾಬಿನೆಟ್ಟಿನ ಒಳಗೋಡೆಗೆ ಅಂಟಿಸಿ, ಹಿಂಬದಿಯ ರಟ್ಟನ್ನು ಎಲ್ಲ ಸ್ಕ್ರೂಗಳೊಂದಿಗೆ ಮುಚ್ಚಬೇಕು.